ತುಂಡು ಬಟ್ಟೆಯ ಕೌದಿ

(ಸಂಘದ ವಾರ್ಷಿಕೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಾವ್ಯ, ಶಾಸನಗಳ ವಿಚಾರವಾಗಿ ಬಲ್ಲವರು ಮಾತನಾಡಿದ ಈ ವೇದಿಕೆಯಲ್ಲಿ ಸೂಜಿ ದಾರಗಳ ಮಾತನ್ನೆತ್ತುವುದು ಉಚಿತವೇ ಎಂಬ ಸಂಕೋಚ ನನಗಿತ್ತು. ಆದರೂ ನುಡಿಯು ಮನೆಯ ಕೆಲಸಕಾರ್ಯಗಳನ್ನು ಆಶ್ರಯಿಸಿಯೂ ಬಾಳುವುದೆಂಬ ನಂಬಿಕೆಯಿಂದ ತಮ್ಮ ಮುಂದೆ ನಿಂತಿದ್ದೇನೆ.

ಹೊಸೂರು, ತಳಿ, ಡೆಂಕಣಿಕೋಟೆಗಳ ಪುಷ್ಯಮಾಸದ ಚಳಿಯನ್ನು ಉಂಡವರಿಗೆ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಹೊದಿಕೆಯ ಬೆಲೆಯನ್ನು ಹೇಳಬೇಕಾಗಿಲ್ಲ. ಉತ್ತರ ಕರ್ನಾಟಕದವರು ಇದನ್ನು ಕೌದಿ ಎನ್ನುವರು. ತೆಲುಗು ಮಾತಿನ ನಮ್ಮ ನೆರೆಯವರು ಬೊಂತ ಎನ್ನುವರು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲ್ಲೂಕುಗಳ ಸಿದ್ದಿ ಸ್ತ್ರೀಯರ ಕೌದಿಯಂತೂ ಲೋಕಪ್ರಸಿದ್ಧವಾಗಿದೆ. ಅವರು ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ತುಂಡುಗಳನ್ನು ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಮ್ಮೂಲೆಯಾಗಿ ಮಡಿಸಿ ‘ಫೂಲ’ವನ್ನಿಟ್ಟ ಮೇಲೆಯೇ ಅವರಿಗೆ ಕೆಲಸ ಪೂರ್ಣವಾಯಿತೆಂಬ ತೃಪ್ತಿ.

ಇಂದು ನಾನು ಹೇಳಹೊರಟಿರುವುದು ಈ ಕೌದಿಯ ದೂರದ ತಂಗಿಯ ವಿಚಾರ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಮಹಾಪ್ರದರ್ಶನದಲ್ಲಿ ಜಪಾನಿನ ಕಲಾವಸ್ತುಗಳನ್ನು ಜನರು ಕಂಡರು. ಆ ಬಳಿಕ ಅಲ್ಲಿಯ ಸ್ತ್ರೀಯರಲ್ಲಿ ಅಳತೆಗೊಳಪಡದ ಆಕೃತಿಗಳ ಮೇಲೆ ಒಲವು ಬೆಳೆಯಿತು. 1880ರ ದಶಕದಲ್ಲಿ ರೇಷ್ಮೆ, ಮಖಮಲ್ಲುಗಳ ಚೂರುಗಳನ್ನು ಅಡ್ಡಾದಿಡ್ಡಿಯಾಗಿ ಜೋಡಿಸಿ, ಪ್ರತಿಯೊಂದು ಕೂಡುಗೆರೆಯ ಮೇಲೂ ಬಣ್ಣದ ದಾರದ ಚಿತ್ತಾರವನ್ನು ಹಾಕುವ ‘ಕ್ರೇಜಿ ಕ್ವಿಲ್ಟ್’ ಮನೆಮನೆಯ ಹವ್ಯಾಸವಾಯಿತು. ನಾವು ಇದನ್ನು ತುಂಡುಗೌದಿ ಎಂದು ಕರೆಯೋಣ. ಕೌದಿಯಲ್ಲಿ ಹೊಲಿಗೆಯು ಪದರಗಳನ್ನು ಬಂಧಿಸುತ್ತದೆ. ಇಲ್ಲಿ ಚಿತ್ತಾರದ ಹೊಲಿಗೆ ಬಹುಮಟ್ಟಿಗೆ ಅಲಂಕಾರ. ಆದುದರಿಂದ ದಿನವೂ ಹೊದ್ದು ಒಗೆಯುವ ಹೊದಿಕೆಗೆ ಇದು ತಕ್ಕುದಲ್ಲ. ಕೈಚೀಲ, ಅಡಿಕೆ ಸಂಚಿ, ಪುಸ್ತಕದ ಹೊದಿಕೆ, ಬಾಗಿಲ ತೋರಣ ಮುಂತಾದ ಸಣ್ಣ ವಸ್ತುಗಳಿಗೆ ಬಲು ಚೆನ್ನ.

ನಾನು ಇದನ್ನು ಕಲಿಯಲು ಕಾರಣವಾದುದು ನಮ್ಮ ತಾಯಿಯವರ ಧಾರೆಸೀರೆ. ಅವರು ತೀರಿಕೊಂಡ ಮೇಲೆ ನಾವು ಮೂವರು ಹೆಣ್ಣುಮಕ್ಕಳಿಗೂ ಆ ಸೀರೆಯ ಮೇಲೆ ಮನಸ್ಸಿತ್ತು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಯಾರೂ ಬಿಟ್ಟುಕೊಡಲೂ ಇಲ್ಲ. ಸೀರೆ ಹತ್ತು ವರ್ಷ ಪೆಟ್ಟಿಗೆಯಲ್ಲಿತ್ತು. ಒಂದು ದೀಪಾವಳಿಗೆ ತೆಗೆದು ನೋಡಿದಾಗ ಜರಿಯ ಮಡಿಕೆಗಳುದ್ದಕ್ಕೂ ತಾನಾಗಿಯೇ ಸೀಳಿಹೋಗಿತ್ತು. ಅಂದು ಮೂವರೂ ಕುಳಿತು ಅತ್ತೆವು. ಆಮೇಲೆ ಹಿರಿಯಕ್ಕನೇ ಕತ್ತರಿಯನ್ನು ತೆಗೆದುಕೊಂಡಳು.

ಮಾಡುವ ವಿಧಾನ ಹೀಗೆ. ಒಗೆದ ಹಳೆಯ ಪಂಚೆಯಿಂದ 12 ಅಂಗುಲ ಚೌಕದ ತಳಬಟ್ಟೆಯನ್ನು ಕತ್ತರಿಸಿಕೊಳ್ಳಬೇಕು. ಹೊಲಿಯುತ್ತ ಬಟ್ಟೆ ಸೆಳೆದುಕೊಳ್ಳುವುದರಿಂದ ಕೊನೆಗೆ ಅದನ್ನು 10 ಅಂಗುಲಕ್ಕೆ ಸವರತಕ್ಕದ್ದು. ನಡುವೆ ಐದು ಮೂಲೆಯ ಒಂದು ತುಂಡನ್ನಿಟ್ಟು, ಎರಡನೆಯ ತುಂಡಿನ ಮುಖವನ್ನು ಅದರ ಮುಖಕ್ಕೆ ತಾಗಿಸಿ, ಅಂಚಿನಿಂದ ಕಾಲು ಅಂಗುಲ ಒಳಗೆ ಹೊಲಿದು, ಹೊರಕ್ಕೆ ಮಗುಚಿ ಇಸ್ತ್ರಿ ಮಾಡಬೇಕು. ಹೀಗೆಯೇ ಸುತ್ತಲೂ ತುಂಡುಗಳು ಬೆಳೆಯುತ್ತವೆ. ರೇಷ್ಮೆಯ ಚೂರು ಬಹಳ ಜೀರ್ಣವಾಗಿದ್ದರೆ ಅದರ ಹಿಂದೆ ತೆಳುವಾದ ಹತ್ತಿಬಟ್ಟೆಯ ಆಸರೆ ಅಗತ್ಯ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ನೆನೆಸಿ ಪರೀಕ್ಷಿಸಬೇಕು.

ಇನ್ನು ಚಿತ್ತಾರ. ಈಗಿನ ಯಂತ್ರಗಳಲ್ಲಿ ಅಂಕುಡೊಂಕು, ಗರಿ, ಬಳ್ಳಿ ಮೊದಲಾದ ಹೊಲಿಗೆಗಳು ಗುಂಡಿ ತಿರುಗಿಸಿದೊಡನೆ ಬರುತ್ತವೆ. ಬಟ್ಟೆ ಸುಕ್ಕುಗಟ್ಟದಂತೆ ಅಡಿಯಲ್ಲಿ ತೆಳು ಕಾಗದವನ್ನಿಟ್ಟು ಹೊಲಿದು, ಆಮೇಲೆ ಹರಿದು ತೆಗೆದರಾಯಿತು. ಆದರೆ ನಮ್ಮಲ್ಲಿ ಅನೇಕರ ಮನೆಗಳಲ್ಲಿರುವುದು ನೇರ ಹೊಲಿಗೆಯ ಹಳೆಯ ಕಾಲುಯಂತ್ರ. ಅದನ್ನು ಮಾರುವ ಅವಶ್ಯಕತೆ ಇಲ್ಲ. ಸೂಜಿಯ ಕಣ್ಣಿಗೆ ಹಿಡಿಯದ ದಪ್ಪ ಕಸೂತಿ ದಾರವನ್ನು ಬಾಬಿನ್ನಿಗೆ ಸುತ್ತಿ, ಬಾಬಿನ್ ಕೇಸಿನ ತಿರುಪನ್ನು ಸ್ವಲ್ಪ ಸಡಿಲಿಸಿ, ಬಟ್ಟೆಯನ್ನು ಮಗುಚಿ ಹಾಕಿ ಹಿಂಭಾಗದಿಂದ ಹೊಲಿಯಿರಿ. ತಳಬಟ್ಟೆಯ ಮೇಲೆ ಕೂಡುಗೆರೆಗಳು ಸ್ಪಷ್ಟವಾಗಿ ಕಾಣುವುದರಿಂದ ದಾರಿ ತಪ್ಪುವ ಭಯವಿಲ್ಲ. ಮಗುಚಿ ನೋಡಿದರೆ ಮುಖದ ಮೇಲೆ ದಪ್ಪದಾರವು ಕೈಕೆಲಸದಂತೆಯೇ ಎದ್ದು ನಿಂತಿರುತ್ತದೆ. ಇದಕ್ಕಾಗಿ ಬೇರೆಯೇ ಒಂದು ಬಾಬಿನ್ ಕೇಸನ್ನು ಇಟ್ಟುಕೊಳ್ಳುವುದು ಮೇಲು. ಇಲ್ಲವಾದರೆ ನಾಳೆಯ ರವಿಕೆಯ ಹೊಲಿಗೆ ಕೆಡುತ್ತದೆ.

ಯಂತ್ರದ ಚಿತ್ತಾರ ಚಿತ್ತಾರವೇ ಎಂದು ಕೆಲವು ಹಿರಿಯರು ಕೇಳುವುದುಂಟು. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಎಳೆಗಳನ್ನು ಎಣಿಸಿ ಹಾಕುವ ಆ ನೈಪುಣ್ಯ ಯಂತ್ರಕ್ಕೆ ಬಾರದೆಂದು ನಾನೂ ಒಪ್ಪುತ್ತೇನೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಕಾರ್ಖಾನೆಯಲ್ಲಿ ದುಡಿದು ಬರುವ ಹೆಣ್ಣುಮಗಳಿಗೆ ವಾರಕ್ಕೊಂದು ಗಂಟೆ ಸಿಕ್ಕುವುದೂ ಕಷ್ಟ. ಆ ಒಂದು ಗಂಟೆಯಲ್ಲಿ ಒಂದು ಸಂಚಿ ಮುಗಿಯುವುದಾದರೆ, ಮುಂದಿನ ವಾರವೂ ಅವಳು ಸೂಜಿಗೆ ದಾರವನ್ನು ಪೋಣಿಸುವಳು.

ನಮ್ಮ ತಾಯಿಯವರ ಸೀರೆಯಿಂದ ಎಂಟು ಸಂಚಿಗಳಾದವು. ಮೂವರು ಅಕ್ಕತಂಗಿಯರಿಗೂ, ಐವರು ಮೊಮ್ಮಕ್ಕಳಿಗೂ ಒಂದೊಂದು. ಹೊಲಿಯುತ್ತಿದ್ದಾಗ ಕಿರಿಯ ಮೊಮ್ಮಗಳು ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಮುಟ್ಟಿ, “ಇದಕ್ಕೆ ಏನನ್ನುತ್ತಾರೆ, ದೊಡ್ಡಮ್ಮ?” ಎಂದು ಕೇಳಿದಳು. ಸೆರಗು, ಅಂಚು, ಒಡಲು, ನೆರಿಗೆ, ತೇಪೆ. ಇವುಗಳಲ್ಲಿ ಎರಡನ್ನು ಮಾತ್ರ ಅವಳು ಮೊದಲು ಕೇಳಿದ್ದಳು. ಅವಳ ತಪ್ಪೇನೂ ಇಲ್ಲ. ಆ ವಸ್ತುಗಳನ್ನು ಕೈಯಲ್ಲಿಟ್ಟು ಹೆಸರು ಹೇಳುವವರು ಅವಳಿಗೆ ಸಿಕ್ಕಿರಲಿಲ್ಲ. ಬೇರೆ ನುಡಿಗಳನ್ನು ಅವಳು ಚೆನ್ನಾಗಿ ಕಲಿಯಲಿ. ನೆರೆಹೊರೆಯೊಡನೆ ಬಾಳಲು ಅವು ಬೇಕು. ಅಜ್ಜಿಯ ಸೀರೆಗೆ ಅಜ್ಜಿಯ ಮಾತಿನಲ್ಲಿ ಹೆಸರು ಹೇಳಿಕೊಡುವ ಹೊಣೆ ಮಾತ್ರ ಮನೆಯವರಾದ ನಮ್ಮದು.

ನಮ್ಮ ಊರುಗಳು ಇದ್ದಲ್ಲಿಯೇ ಇದ್ದು ಮೊದಲು ಸೇಲಂ, 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿದವು. ಗೆರೆಗಳನ್ನು ಎಳೆಯುವುದು ನಮ್ಮ ಕೈಯಲ್ಲಿರಲಿಲ್ಲ. ಮನೆಯ ಪೆಟ್ಟಿಗೆಯನ್ನು ತೆರೆಯುವುದು ನಮ್ಮ ಕೈಯಲ್ಲಿದೆ.

ಸಂಘದ ಮುಂದೆ ಒಂದು ವಿನಂತಿಯನ್ನಿಟ್ಟು ಮುಗಿಸುತ್ತೇನೆ. ಮುಂದಿನ ವಾರ್ಷಿಕೋತ್ಸವಕ್ಕೆ ಪ್ರತಿಯೊಂದು ಮನೆಯೂ ಹಿರಿಯರೊಬ್ಬರ ಬಟ್ಟೆಯಿಂದ ಅಂಗೈಯಗಲದ ಒಂದು ತುಂಡನ್ನು ತರಲಿ. ಜೊತೆಯಲ್ಲಿ ಆ ಹಿರಿಯರು ಬಳಸುತ್ತಿದ್ದು ಈಗ ಮರೆಯುತ್ತಿರುವ ಒಂದು ಕನ್ನಡ ಮಾತನ್ನೂ ತರಲಿ. ತುಂಡುಗಳನ್ನು ನಾವು ಹೆಂಗಸರು ಹೊಲಿದು ಈ ವೇದಿಕೆಯ ಹಿಂದಿನ ಪರದೆಯನ್ನಾಗಿ ಮಾಡುವೆವು. ಮಾತುಗಳನ್ನು ಸಂಘದವರು ಸಂಚಿಕೆಯಲ್ಲಿ ಅಚ್ಚು ಹಾಕಿಸಲಿ. ಹೊಲಿಗೆ ಯಂತ್ರವನ್ನು ನಾನು ಕೊಡುತ್ತೇನೆ. ಅದು ಹಳೆಯದು, ನೇರ ಹೊಲಿಗೆಯನ್ನು ಮಾತ್ರ ಬಲ್ಲದು, ಅದೇ ಸಾಕು.