ಪಾತಾಳದಲ್ಲಿ ದೊರೆತ ಎರಡು ಅರಿವು

(ಬಂಗಾರಪೇಟೆಯ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

‘ವಿಜ್ಞಾನ ಮತ್ತು ಕಾಯಕ’ ಎಂಬ ವಿಷಯವನ್ನು ಪೂಜ್ಯರು ನನಗೆ ಕೊಟ್ಟಿದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ತಾಲ್ಲೂಕಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಈ ವಿಷಯಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ಗಾಡಿ ಹತ್ತಿದರೆ ಸಾಕು. 1894ರಿಂದ ಓಡುತ್ತಿರುವ ಆ ಕವಲು ದಾರಿ ನಮ್ಮನ್ನು ಪ್ರಪಂಚದ ವಿಜ್ಞಾನ ಚರಿತ್ರೆಯ ಒಂದು ದೊಡ್ಡ ಪುಟಕ್ಕೆ ಕರೆದೊಯ್ಯುತ್ತದೆ.

ಕೆಜಿಎಫ್ ಎಂದರೆ ಇಂದಿನ ಮಕ್ಕಳಿಗೆ ನೆನಪಾಗುವುದು ಸಿನಿಮಾ. ಅವರ ಅಜ್ಜಂದಿರಿಗೆ ನೆನಪಾಗುವುದು ಚಿನ್ನ. ಸುಮಾರು 120 ವರ್ಷಗಳಲ್ಲಿ ಅಲ್ಲಿಂದ 800 ಟನ್ನಿನಷ್ಟು ಚಿನ್ನ ಹೊರಬಂದಿತು. 2001ರಲ್ಲಿ ಗಣಿ ಮುಚ್ಚಿತು. ಆ ಚಿನ್ನದಲ್ಲಿ ನಮ್ಮ ಪಾಲಿಗೆ ಏನೂ ಉಳಿದಿಲ್ಲ. ಆದರೆ ಅದೇ ಗಣಿಯಿಂದ ಇನ್ನೆರಡು ವಸ್ತುಗಳು ಹೊರಬಂದವು. ಎರಡೂ ಅರಿವುಗಳೇ. ಒಂದು ಆಕಾಶಕ್ಕೆ ಸಂಬಂಧಿಸಿದ್ದು, ಇನ್ನೊಂದು ಮನುಷ್ಯನ ಎದೆಗೂಡಿಗೆ ಸಂಬಂಧಿಸಿದ್ದು. ಇವತ್ತು ನಾನು ಹೇಳಬೇಕೆಂದಿರುವುದು ಈ ಎರಡರ ಬಗ್ಗೆ.

ಮೊದಲು ಆಕಾಶದ ಮಾತು. ದೂರದ ಬಾಹ್ಯಾಕಾಶದಿಂದ ವಿಶ್ವಕಿರಣಗಳು ಬಂದು ನಮ್ಮ ವಾತಾವರಣಕ್ಕೆ ಅಪ್ಪಳಿಸುತ್ತವೆ. ಆಗ ಮ್ಯೂಯಾನ್ ಎಂಬ ಕಣಗಳು ಹುಟ್ಟಿ ಮಳೆಯಂತೆ ಕೆಳಗೆ ಸುರಿಯುತ್ತವೆ. ನೀವು ಅಂಗೈ ಚಾಚಿ ಕುಳಿತರೆ ಪ್ರತಿ ಸೆಕೆಂಡಿಗೆ ಒಂದೆರಡು ಮ್ಯೂಯಾನ್ ಅದರ ಮೂಲಕ ಹಾದುಹೋಗುತ್ತವೆ. ಮನೆಯ ತಾರಸಿ ಅವನ್ನು ತಡೆಯುವುದಿಲ್ಲ. ಅದೇ ಅಪ್ಪಳಿಕೆಯಲ್ಲಿ ನ್ಯೂಟ್ರಿನೋ ಎಂಬ ಇನ್ನೂ ವಿಚಿತ್ರವಾದ ಕಣವೂ ಹುಟ್ಟುತ್ತದೆ. ಅದಕ್ಕೆ ವಿದ್ಯುದಂಶವಿಲ್ಲ, ತೂಕವೂ ಇಲ್ಲವೆನ್ನುವಷ್ಟು ಕಡಿಮೆ. ಇಡೀ ಭೂಮಿಯನ್ನೇ ತೂರಿಕೊಂಡು ಆಚೆ ಹೋಗಬಲ್ಲದು. ಸೂರ್ಯನಿಂದ ಬರುವ ನ್ಯೂಟ್ರಿನೋಗಳೇ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ಹಾದುಹೋಗುತ್ತಿವೆ. ನಮಗೆ ಗೊತ್ತೇ ಆಗುವುದಿಲ್ಲ.

ಇಂಥ ಕಣವನ್ನು ಹಿಡಿಯುವುದು ಹೇಗೆ? ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದು. ಮ್ಯೂಯಾನುಗಳ ಗದ್ದಲವಿಲ್ಲದ ಜಾಗ ಬೇಕು. ಅಂಥ ಜಾಗ ನೆಲದ ಆಳದಲ್ಲಿ ಮಾತ್ರ ಸಿಗುತ್ತದೆ, ಏಕೆಂದರೆ ಮೇಲಿನ ಬಂಡೆ ಮ್ಯೂಯಾನುಗಳನ್ನು ಸೋಸಿಬಿಡುತ್ತದೆ. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಇದನ್ನು ಮನಗಂಡ ಹೋಮಿ ಭಾಭಾ ಅವರು 1951ರಲ್ಲಿ ತಮ್ಮ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಒಬ್ಬ ಯುವಕರನ್ನು ಇಲ್ಲಿಗೆ ಕಳುಹಿಸಿದರು. ಅವರೇ ನಂಜನಗೂಡಿನ ಬಿ.ವಿ. ಶ್ರೀಕಂಠನ್. ಬೇರೆ ಬೇರೆ ಆಳದಲ್ಲಿ ಉಪಕರಣವಿಟ್ಟು ಮ್ಯೂಯಾನುಗಳನ್ನು ಎಣಿಸುವುದು ಅವರ ಕೆಲಸ. ಮುಂದೆ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಪಿ.ವಿ. ರಮಣಮೂರ್ತಿ, ಜಪಾನಿನ ಮಿಯಾಕೆ ಮುಂತಾದವರು ಕೂಡಿಕೊಂಡರು. 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಯಾನ್ ಕೂಡ ಸಿಗಲಿಲ್ಲ. ಏನೂ ಸಿಗದಿರುವುದೇ ಅಲ್ಲಿ ದೊಡ್ಡ ಸುದ್ದಿ. ನ್ಯೂಟ್ರಿನೋ ಹಿಡಿಯಲು ಬೇಕಾದ ನಿಶ್ಶಬ್ದ ಇಲ್ಲಿದೆ ಎಂದು ಅವರಿಗೆ ಖಚಿತವಾಯಿತು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ಹೀತ್‌ಕೋಟ್ ಶಾಫ್ಟಿನ ದಾರಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದವು. ಕಣ ಹಾದರೆ ಮಿನುಗುವ ವಿಶೇಷ ಪ್ಲಾಸ್ಟಿಕ್ ಹಲಗೆಗಳು, ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳು, ನಡುವೆ ಸೀಸದ ಗೋಡೆ. ಹಲಗೆಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ್ದರು. ಅಷ್ಟು ಆಳಕ್ಕೆ ತಲುಪುವ ಅಪರೂಪದ ಮ್ಯೂಯಾನ್ ಮೇಲಿನಿಂದ ಬರಬೇಕೇ ಹೊರತು ಅಡ್ಡಲಾಗಿ ಬರಲಾರದು. ಅಡ್ಡಲಾಗಿ ಬಂದ ಕಣ ಕಂಡರೆ, ಅದು ಅಕ್ಕಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋ ತಾಗಿ ಹುಟ್ಟಿದ್ದೇ ಆಗಿರಬೇಕು. 1965ರಲ್ಲಿ ಅಂಥ ಗುರುತು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಫ್ರೆಡ್ರಿಕ್ ರೈನ್ಸ್ ಅವರ ತಂಡಕ್ಕೂ ಸಿಕ್ಕಿತು. ಅವರಿಗೆ ಗುರುತು ಸಿಕ್ಕಿದ್ದು ಮೊದಲು; ಪ್ರಬಂಧ ಮೊದಲು ಅಚ್ಚಾದದ್ದು ನಮ್ಮ ಕೋಲಾರದ್ದು, ಎರಡು ವಾರ ಮುಂಚೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಮನುಷ್ಯ ಕಂಡದ್ದು ಈ ಎರಡು ಗಣಿಗಳಲ್ಲಿ, ಅದೇ ಮೊದಲು.

ಅಲ್ಲಿಗೇ ನಿಲ್ಲಲಿಲ್ಲ. 1980ರಲ್ಲಿ 140 ಟನ್ ತೂಕದ ಕಬ್ಬಿಣದ ಉಪಕರಣ ಅದೇ ಆಳದಲ್ಲಿ ಸಿದ್ಧವಾಯಿತು. ಪ್ರೋಟಾನ್ ಕೂಡ ಒಂದು ದಿನ ಸಾಯುತ್ತದೆಯೇ, ಅಂದರೆ ವಸ್ತು ಎಂಬುದೇ ಶಾಶ್ವತವೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಉದ್ದೇಶ. ಕೆಲವು ಗುರುತುಗಳು ಕಂಡವು, ಬೇರೆ ದೇಶಗಳ ದೊಡ್ಡ ಉಪಕರಣಗಳು ಅದನ್ನು ಒಪ್ಪಲಿಲ್ಲ. ವಿಜ್ಞಾನದಲ್ಲಿ ಹಾಗೆಯೇ. ಯಾರು ಹೇಳಿದರು ಎನ್ನುವುದಕ್ಕಿಂತ ಮತ್ತೊಬ್ಬರು ಪರೀಕ್ಷಿಸಿದಾಗ ನಿಂತಿತೇ ಎನ್ನುವುದು ಮುಖ್ಯ. ಜಪಾನಿನ ಕಾಮಿಯೋಕಾ ಗಣಿಯಲ್ಲಿ ಇದೇ ವಾತಾವರಣದ ನ್ಯೂಟ್ರಿನೋಗಳನ್ನು ಮುಂದುವರಿದು ಅಧ್ಯಯನ ಮಾಡಿದರು. ಅವು ದಾರಿಯಲ್ಲಿ ರೂಪ ಬದಲಿಸುತ್ತವೆ ಎಂದು 1998ರಲ್ಲಿ ತೋರಿಸಿದರು. ತಕಾಕಿ ಕಜಿಟಾ ಅವರಿಗೆ 2015ರಲ್ಲಿ ನೊಬೆಲ್ ಬಂದಿತು. ಆ ದಾರಿಯ ಮೊದಲ ಕಲ್ಲು ಇಲ್ಲಿದೆ.

ಬಂಧುಗಳೇ, ಇಲ್ಲಿ ಒಂದು ಪ್ರಶ್ನೆ ಕೇಳೋಣ. ವಿಜ್ಞಾನಿಗಳು ಇಳಿದ ಆ ಆಳವನ್ನು ತೋಡಿದವರು ಯಾರು? ಶಾಫ್ಟಿನ ಪಂಜರವನ್ನು ಇಳಿಸಿ ಏರಿಸಿದವರು ಯಾರು? ತಮಿಳು, ತೆಲುಗು, ಕನ್ನಡ ಮಾತನಾಡುವ ಸಾವಿರಾರು ಕಾರ್ಮಿಕರು. ಅವರಲ್ಲಿ ಬಹುಪಾಲು ಜನ ಊರಿನ ಬಾವಿಯಲ್ಲಿ ನೀರು ಸೇದಲು ಬಿಡದ ಕೇರಿಗಳಿಂದ ಬಂದವರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ವಿದ್ಯುತ್ತು ಬಂದದ್ದು ಗಣಿಯ ಯಂತ್ರಗಳಿಗಾಗಿ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ತಾನೇ ಸಿಡಿದು ಜನ ಸಾಯುತ್ತಿದ್ದರು. ಆ ಸಿಡಿತವನ್ನು ಅರ್ಥ ಮಾಡಿಕೊಳ್ಳುವ ಪ್ರಯತ್ನದಿಂದಲೇ ಇಲ್ಲಿ ಶಿಲಾಬಲ ವಿಜ್ಞಾನ ಬೆಳೆಯಿತು; 1988ರಲ್ಲಿ ಅದಕ್ಕಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಕೆಜಿಎಫ್‌ನಲ್ಲಿ ಆರಂಭವಾಯಿತು. ಪ್ರಬಂಧದ ಮೇಲೆ ವಿಜ್ಞಾನಿಗಳ ಹೆಸರಿದೆ, ಇರಲೇಬೇಕು. ಆದರೆ ಅವರ ಅರಿವು ನಿಂತಿರುವುದು ಈ ಜನರ ಕಾಯಕದ ಮೇಲೆ.

ಈಗ ಎರಡನೆಯ ಅರಿವು.

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲು ಎಂದರೆ ಸಿಲಿಕಾ. ಅದನ್ನು ಕೊರೆದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಅಷ್ಟು ಅಪಾಯದವಲ್ಲ. ಮೂಗು, ಗಂಟಲು ಅವನ್ನು ತಡೆಯುತ್ತವೆ. ಕಾಣದ ಕಣಗಳು, ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತ ಸಣ್ಣವು, ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಕಾವಲಿಗಿರುವ ರಕ್ಷಕ ಕೋಶಗಳು ಅವನ್ನು ನುಂಗುತ್ತವೆ, ಆದರೆ ಕರಗಿಸಲಾರವು, ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯದ ಕಲೆಯಂತೆ ಗಟ್ಟಿ ನಾರು ಬೆಳೆಯುತ್ತದೆ. ಉಸಿರಾಡುವ ಮೃದುವಾದ ಅಂಗ ಗಡುಸಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಇದು ಬೆಳೆಯಬಲ್ಲದು. ಇದನ್ನು ವಾಸಿ ಮಾಡುವ ಔಷಧಿ ಇಂದಿಗೂ ಇಲ್ಲ. ಇದು ಬಂದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು.

ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ಕೋಲಾರದ ಗಣಿಯಲ್ಲಿ, 1934ರಲ್ಲಿ. ಪರಿಹಾರ ಕೊಡಲೆಂದು ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ತಂದಿತು. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ತಡೆಯುವ ದಾರಿಯೂ ಗೊತ್ತಿತ್ತು: ಕೊರೆಯುವಾಗ ನೀರು ಹಾಯಿಸಿ ದೂಳು ಏಳದಂತೆ ಮಾಡುವುದು, ಗಾಳಿ ಆಡಿಸುವುದು, ಕಾಲಕಾಲಕ್ಕೆ ಎದೆಯ ಎಕ್ಸ್‌ರೇ ತೆಗೆಸುವುದು. ಅಷ್ಟೂ ಅರಿವು ಇಲ್ಲೇ, ನಮ್ಮ ಜನರ ಎದೆಯಿಂದಲೇ ಬಂದದ್ದು.

ನನ್ನ ವಿದ್ಯಾರ್ಥಿಯೊಬ್ಬನ ತಂದೆ ಇಪ್ಪತ್ತು ವರ್ಷ ಗಣಿಯೊಳಗೆ ಕೊರೆಯುವ ಕೆಲಸ ಮಾಡಿದವರು. ಗಣಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ ಕೆಮ್ಮು, ಏದುಸಿರು ಶುರುವಾಯಿತು. ಮೂರು ಕಡೆ ತೋರಿಸಿದರು. ಮೂರು ಕಡೆಯೂ ಕ್ಷಯದ ಮಾತ್ರೆ ಕೊಟ್ಟರು. ಕಫದಲ್ಲಿ ಕ್ಷಯದ ರೋಗಾಣು ಒಮ್ಮೆಯೂ ಸಿಕ್ಕಿರಲಿಲ್ಲ. ನಾನು ಆ ಮನೆಗೆ ಹೋದಾಗ ಅವರು ಗೋಡೆಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. “ಮೇಷ್ಟ್ರೇ, ಬೀಡಿ ಸೇದ್ತೀಯಾ, ಕುಡೀತೀಯಾ ಅಂತ ಎಲ್ಲಾ ಡಾಕ್ಟ್ರೂ ಕೇಳಿದ್ರು. ಏನ್ ಕೆಲಸ ಮಾಡ್ತಿದ್ದೆ ಅಂತ ಒಬ್ರೂ ಕೇಳ್ಲಿಲ್ಲ” ಎಂದರು. ಆ ಮಾತು ನನ್ನನ್ನು ಬಿಟ್ಟಿಲ್ಲ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ವೃತ್ತಿ ಯಾವುದು?’ ಎಂಬುದನ್ನೂ ಸೇರಿಸಬೇಕೆಂದು ಇಟಲಿಯ ವೈದ್ಯ ರಾಮಝಿನಿ 1700ರಲ್ಲೇ ಬರೆದಿದ್ದರು. ಕಾಯಕವನ್ನು ಇಷ್ಟು ಎತ್ತರದಲ್ಲಿಟ್ಟ ನಮ್ಮ ನಾಡಿನಲ್ಲಿ ಆ ಪ್ರಶ್ನೆ ಯಾರ ಬಾಯಿಗೂ ಬರಲಿಲ್ಲವಲ್ಲ!

ಗಣಿ ಮುಚ್ಚಿತು, ಇನ್ನು ಇದರ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಗಣಿ ಮುಚ್ಚಿದೆ, ಬೆಣಚುಕಲ್ಲು ಮುಚ್ಚಿಲ್ಲ. ನಮ್ಮ ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಅದೇ ಬೆಣಚು ಇರುತ್ತದೆ. ಟೇಕಲ್ ಕಡೆ ಕಲ್ಲು ಸೀಳುವವರು, ಜಿಲ್ಲೆಯ ಕ್ರಷರುಗಳಲ್ಲಿ ಜೆಲ್ಲಿ, ಎಂ-ಸ್ಯಾಂಡ್ ಮಾಡುವವರು ಇವತ್ತು ಬೆಳಿಗ್ಗೆಯೂ ಅದೇ ದೂಳು ಕುಡಿದಿದ್ದಾರೆ. ಮೂಗಿಗೆ ಟವೆಲ್ ಸುತ್ತಿಕೊಂಡಿದ್ದಾರೆ. ಟವೆಲ್ಲಿನ ಎಳೆಗಳ ನಡುವೆ ಆ ಕಣಗಳು ಹೆಬ್ಬಾಗಿಲಿನಲ್ಲಿ ಹೋದ ಹಾಗೆ ಹೋಗುತ್ತವೆ. ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕಾನೂನು ಹೇಳುತ್ತದೆ. ಆದರೆ ಕ್ಷಯವೆಂದು ಬರೆದರೆ ವರದಿಯೂ ಇಲ್ಲ, ಪರಿಹಾರವೂ ಇಲ್ಲ.

ಯೋಚಿಸಿ. ನಮ್ಮ ಆಳದಲ್ಲಿ ಸಿಕ್ಕ ಆಕಾಶದ ಅರಿವು ಜಪಾನನ್ನು ಮುಟ್ಟಿತು, ಬೆಳೆಯಿತು. ಅದೇ ಆಳದಲ್ಲಿ ಸಿಕ್ಕ ಎದೆಯ ಅರಿವು ಪಕ್ಕದ ತಾಲ್ಲೂಕಿನ ಕ್ರಷರನ್ನು ಮುಟ್ಟಿಲ್ಲ. ಮೊದಲನೆಯದಕ್ಕೆ ಭಾಭಾ ಇದ್ದರು, ಮೂರು ದೇಶಗಳ ಸಂಸ್ಥೆಗಳಿದ್ದವು. ಎರಡನೆಯದಕ್ಕೆ ದಿಕ್ಕಿಲ್ಲ. ಅರಿವು ಆಚಾರವಾಗಬೇಕು ಎಂದು ನಾವು ಪ್ರತಿ ಗೋಷ್ಠಿಯಲ್ಲೂ ಹೇಳುತ್ತೇವೆ. ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ನಮಗೆ ಸಿಗಲಾರದು.

ಒಂದು ಕಹಿ ಮಾತನ್ನೂ ಆಡಬೇಕು, ಪೂಜ್ಯರು ಕ್ಷಮಿಸಬೇಕು. ಕ್ವಾರಿ, ಕ್ರಷರ್ ನಡೆಸುವವರು ನಮ್ಮ ನಡುವೆಯೂ ಇದ್ದಾರೆ. ನಮ್ಮ ಸಮುದಾಯ ಭವನಗಳ ಅಡಿಪಾಯದಲ್ಲಿ ಅವರು ದಾಸೋಹವಾಗಿ ಕೊಟ್ಟ ಜೆಲ್ಲಿ ಇದೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಕಲ್ಲು ಬೀಳುವ ಕಡೆ ನೀರಿನ ಸಿಂಪಡಣೆ, ಯಂತ್ರದ ಬಾಯಿಗೆ ಮುಚ್ಚಿಗೆ, ಆಳಿಗೆ ಸರಿಯಾದ ಮುಖಗವುಸು, ಇವಿಷ್ಟನ್ನು ಮಾಡಿದರೆ ಅದು ಲಕ್ಷ ರೂಪಾಯಿ ಕಾಣಿಕೆಗಿಂತ ದೊಡ್ಡ ದಾಸೋಹ. ಮಾಡದೆ ಕೊಟ್ಟ ಕಾಣಿಕೆಯಲ್ಲಿ ಯಾರದೋ ಉಸಿರು ಸೇರಿರುತ್ತದೆ.

ಮಠಗಳು ಜಾತ್ರೆಯ ಹೊತ್ತಿಗೆ ಕಣ್ಣಿನ ತಪಾಸಣೆ, ಸಕ್ಕರೆ ಕಾಯಿಲೆ ತಪಾಸಣೆ ಮಾಡಿಸುತ್ತವೆ. ಅದು ನಮ್ಮ ಹೆಮ್ಮೆ. ಈ ಸಲದಿಂದ ಶಿಬಿರದ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಆದ ಮೇಲೆ ಇನ್ನೊಂದು ಸಾಲು ಸೇರಿಸೋಣ: ‘ಕಾಯಕ ಏನು? ಎಷ್ಟು ವರ್ಷ?’ ಕಲ್ಲಿನ ಕೆಲಸ, ಗಣಿ ಕೆಲಸ ಎಂದು ಬರೆದವರಿಗೆ ಎದೆಯ ಎಕ್ಸ್‌ರೇ ಮಾಡಿಸೋಣ, ಊದಿಸಿ ಶ್ವಾಸಕೋಶದ ಬಲ ಅಳೆಯೋಣ. ಕಾಯಿಲೆ ಕಂಡವರ ಪರಿಹಾರದ ಅರ್ಜಿ ಬರೆದುಕೊಡಲು ನಿವೃತ್ತ ನೌಕರರು ನಾಲ್ಕು ಜನ ಸಾಕು. ಅವರಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ನನಗೆ ತಮಿಳೂ ಬರುತ್ತದೆ, ಕೆಜಿಎಫ್ ಲೈನ್ ಮನೆಗಳಿಗೆ ಹೋಗುವವರಿಗೆ ಅದು ಬೇಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಓದಲು ಹೋಗುತ್ತೀರಿ. ನ್ಯೂಟ್ರಿನೋ ಓದಿ, ಶಿಲಾವಿಜ್ಞಾನ ಓದಿ, ವೈದ್ಯರಾಗಿ. ಯಾವುದನ್ನು ಓದಿದರೂ ನಿಮ್ಮ ಊರಿನವರು ಅದಕ್ಕೆ ಮೊದಲೇ ಬೆಲೆ ತೆತ್ತಿದ್ದಾರೆ ಎಂಬುದು ನೆನಪಿರಲಿ. ವೈದ್ಯರಾದವರು ನಿಮ್ಮ ಮುಂದೆ ಕುಳಿತವರನ್ನು ಮೊದಲು ಅವರ ಕಾಯಕ ಕೇಳಿ.

ಜಾತ್ರೆಗೆ ಇನ್ನು ಮೂರು ತಿಂಗಳಿದೆ. ಶಿಬಿರದ ಚೀಟಿ ಅಚ್ಚಿಗೆ ಹೋಗುವ ಮುಂಚೆ ಈ ಒಂದು ಸಾಲಿನ ಬಗ್ಗೆ ಪೂಜ್ಯರು ಅಪ್ಪಣೆ ಕೊಡಿಸಬೇಕೆಂದು ಬೇಡಿಕೊಂಡು, ನನ್ನ ಮಾತು ಮುಗಿಸುತ್ತೇನೆ.