ನೂರರ ಭಾಗಾಕಾರ

ನಮ್ಮ ಹೈದರಾಬಾದಿಗೂ ಇವತ್ತಿನ ನಕ್ಷತ್ರಕ್ಕೂ ಒಂದು ನಂಟಿದೆ. ಲೋಕದ ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿಗಳಾಗಿ ಹಂಚಿಕೊಂಡು ಫೋಟೊ ತೆಗೆದಾಗ ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯಕ್ಕೆ ಸಿಕ್ಕಿದ್ದು ದಕ್ಷಿಣದ 17ರಿಂದ 23 ಡಿಗ್ರಿ. 1996ರ ಫೆಬ್ರವರಿಯಲ್ಲಿ ಜಪಾನಿನ ಹವ್ಯಾಸಿ ಯುಕಿಯೊ ಸಕುರಾಯಿ ಧನು ರಾಶಿಯಲ್ಲಿ ಕಂಡ ತಾರೆ ಇದೇ ಪಟ್ಟಿಯಲ್ಲಿದೆ! ಹಳೆಯ ಗಾಜಿನ ಫಲಕಗಳಲ್ಲಿ ಹುಡುಕಬೇಡಿ, ಆಗ ಅದು ತೀರ ಮಂಕು.

ಸೂರ್ಯನಂಥ ತಾರೆ ಶ್ವೇತಕುಬ್ಜವಾಗುವ ಹೊತ್ತಿಗೆ ಒಳಗಿನ ಹೀಲಿಯಂ ಪದರ ಭಗ್ಗನೆ ಹೊತ್ತಿಕೊಂಡರೆ, ಅದು ಮತ್ತೆ ದೈತ್ಯನಾಗಿ ಉಬ್ಬುತ್ತದೆ. ಅದಕ್ಕೆ ನೂರಾರು ವರ್ಷ ಬೇಕೆಂದು ಬಹುತೇಕ ಕಂಪ್ಯೂಟರ್ ಮಾದರಿಗಳು ಹೇಳಿದ್ದವು. ಸಕುರಾಯಿ ತಾರೆ ಕೆಲವೇ ವರ್ಷಗಳಲ್ಲಿ ಮುಗಿಸಿತು. 1996ರ ಮೇ ತಿಂಗಳಿಂದ ಅಕ್ಟೋಬರಿನೊಳಗೆ ಮೇಲ್ಮೈಯ ಹೈಡ್ರೋಜನ್ ಐದನೇ ಒಂದು ಭಾಗಕ್ಕೆ ಇಳಿದಿತ್ತು. 1997ರಲ್ಲಿ ಅದರ ಧಾತುಗಳ ಲೆಕ್ಕ ಕೊಟ್ಟ ನಾಲ್ವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಒಬ್ಬರು.

ನನ್ನ ತಕರಾರು ಮುಂದಿನದರ ಮೇಲೆ. 2001ರಲ್ಲಿ ಖಭೌತ ವಿಜ್ಞಾನಿ ಫಾಲ್ಕ್ ಹೆರ್ವಿಗ್ ತಮ್ಮ ಮಾದರಿಯಲ್ಲಿ, ತಾರೆಯೊಳಗಿನ ಕುದಿತದಲ್ಲಿ ಧಾತು ಬೆರೆಯುವ ವೇಗವನ್ನು ನೂರರಿಂದ ಭಾಗಿಸಿದರು. ನಿಧಾನವಾಗಿ ಬೆರೆತರೆ ಹೈಡ್ರೋಜನ್ ಆಳಕ್ಕಿಳಿಯದೆ ಮೇಲೇ ಉರಿಯುತ್ತದೆ. ತೆಳುವಾದ ಹೊದಿಕೆ ಬೇಗ ಕಾದು ಬೇಗ ಉಬ್ಬುತ್ತದೆ. ಲೆಕ್ಕ ಕೂಡಿಬಂತು. ಉರಿಯೇ ಕುದಿತಕ್ಕೆ ಅಡ್ಡಬರುತ್ತದೆ ಎಂಬ ಕಾರಣವನ್ನೂ ಕೊಟ್ಟರು, ಏನನ್ನೂ ಮುಚ್ಚಿಡಲಿಲ್ಲ. ಆದರೆ ನೂರೇ ಯಾಕೆ? ಆ ಸಂಖ್ಯೆ ಬಂದದ್ದು ತಾರೆಯನ್ನು ನೋಡಿಯೇ. ಕಲಬುರಗಿಯಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ಸರಿಯುತ್ತರಕ್ಕೂ ಸೊನ್ನೆ ಹಾಕುತ್ತಿದ್ದರು: ‘ಇದು ಪುಸ್ತಕದ ಕೊನೇ ಪುಟ ನೋಡಿ ಮಾಡಿದ್ದು, ದಾರಿ ತೋರಿಸು.’ ದಾರಿ ತೋರಿಸಿದವನಿಗೆ ತಪ್ಪುತ್ತರಕ್ಕೂ ಅರ್ಧ ಅಂಕ.

ಆದರೂ ಸೊನ್ನೆ ಹಾಕಲು ನನ್ನ ಕೈ ಏಳುವುದಿಲ್ಲ. ತಾರೆ ಬೇಗನೆ ಮತ್ತೆ ಬಿಸಿಯಾಗುತ್ತದೆ ಎಂದೂ ಅದೇ ಮಾದರಿ ನುಡಿದಿತ್ತು. 2005ರಲ್ಲಿ ರೇಡಿಯೊ ವೀಕ್ಷಣೆಯೊಂದು ಅದನ್ನೇ ಸೂಚಿಸಿತು. ಕಂಡದ್ದು ಬಿಸಿಯದ್ದಲ್ಲ, ಆಘಾತದ ಅಲೆಯ ಕೆಲಸವಿರಬಹುದೆಂಬ ವಾದವೂ ಹಿಂದೆಯೇ ಬಂತು. ಒಂದು ತಾರೆಗೆ ಹೊಂದಿಸಿದ ಸಂಖ್ಯೆಯನ್ನು ಇನ್ನೊಂದಕ್ಕೆ ಹಚ್ಚಬಹುದೇ? 1919ರಲ್ಲಿ ಗರುಡ ರಾಶಿಯಲ್ಲಿ ಹೀಗೇ ಹೊತ್ತಿದ್ದ ತಾರೆಯನ್ನೂ ಸೇರಿಸಿದರೂ ನಮ್ಮ ಕೈಯಲ್ಲಿರುವ ಸಾಕ್ಷಿಗಳು ಬೆರಳೆಣಿಕೆಯವು. ಅಷ್ಟರ ಮೇಲೆ ಸೂರ್ಯನ ಮುಪ್ಪಿನ ಕಥೆ ಬರೆಯುವುದು ಧೈರ್ಯವೋ, ಆತುರವೋ? ಸಭೆಯಲ್ಲಿ ಗಣಿತ ಬಲ್ಲವರಿದ್ದೀರಿ. ತಾರೆಯ ಕಡೆ ನೋಡದೆ ಆ ನೂರನ್ನು ಪಡೆಯುವ ದಾರಿ ಹೊಳೆದರೆ ದಯವಿಟ್ಟು ನನಗೂ ತಿಳಿಸಿ.