ಬೇಲಿಯಿಲ್ಲದ ಹೊಲಗಳ ಊರು



ಊರಿನಲ್ಲಿ ಜಮೀನು ಎಷ್ಟಿದೆ ಎಂದು ಯಾರಾದರೂ ಕೇಳಿದರೆ "ಎರಡು ಎಕರೆ ಹತ್ತು ಗುಂಟೆ" ಎಂದು ಥಟ್ಟನೆ ಹೇಳುತ್ತೇವೆ. ಶಾಲೆ ಎಷ್ಟು ದೂರ ಎಂದರೆ ಹಿರಿಯರು "ಎರಡು ಫರ್ಲಾಂಗು" ಎನ್ನುತ್ತಾರೆ. ಕ್ರಿಕೆಟ್ ಪಿಚ್ಚಿನ ಉದ್ದ 22 ಗಜ ಎಂಬುದಂತೂ ನಿಮಗೆಲ್ಲ ಗೊತ್ತು. ಎಕರೆ, ಫರ್ಲಾಂಗು, 22 ಗಜ, ಈ ಮೂರಕ್ಕೂ ಒಂದು ನಂಟಿದೆ. ಆ ನಂಟನ್ನು ಕಣ್ಣಾರೆ ಕಾಣಬಹುದಾದ ಒಂದು ಸಣ್ಣ ಊರಿನ ಕಥೆಯನ್ನು ಇಂದು ಹೇಳುತ್ತೇನೆ.

ಊರಿನ ಹೆಸರು ಲ್ಯಾಕ್ಸ್‌ಟನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತ್ಯದಲ್ಲಿ, ಆಲರ್ಟನ್ ಎಂಬ ಪಟ್ಟಣದ ಪೂರ್ವಕ್ಕಿದೆ. ಒಂದು ಚರ್ಚು, ಒಂದು ಪಬ್ಬು, ಬೀದಿಗೆ ಪಕ್ಕೆಗೋಡೆ ತೋರಿಸಿ ನಿಂತ ಇಟ್ಟಿಗೆಯ ಮನೆಗಳು, ಉತ್ತರದಲ್ಲಿ ಹಳೆಯ ಕೋಟೆಯ ಮಣ್ಣಿನ ದಿಬ್ಬ. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಭೂಗಣತಿಯಲ್ಲೇ ಈ ಊರಿನ ಹೆಸರಿದೆ. ಇಷ್ಟಾದರೆ ಇಂಗ್ಲೆಂಡಿನ ನೂರಾರು ಹಳ್ಳಿಗಳಲ್ಲಿ ಇದೂ ಒಂದು. ಆದರೆ ಊರ ಹೊರಗೆ ಕಾಲಿಟ್ಟರೆ ಬೇರೆಯೇ ನೋಟ. ಪಶ್ಚಿಮದ ಹೊಲ, ಗಿರಣಿಯ ಹೊಲ, ದಕ್ಷಿಣದ ಹೊಲ ಎಂಬ ಮೂರು ವಿಶಾಲವಾದ ಬಯಲುಗಳು. ಒಂದೊಂದರಲ್ಲೂ ಹಲವು ರೈತರ ಪಟ್ಟಿಗಳಿವೆ. ಪಟ್ಟಿ ಪಟ್ಟಿಗಳ ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ.

ಹೀಗೇಕೆ ಎಂಬುದಕ್ಕೆ ಮೊದಲ ಉತ್ತರ ಮಣ್ಣಿನಲ್ಲಿದೆ. ಲ್ಯಾಕ್ಸ್‌ಟನ್ನಿನ ನೆಲ ಕೆಂಪು ಜೇಡಿಮಣ್ಣು. ಅದರ ಕೆಳಗಿರುವ ಕೆಂಪು ಶಿಲೆ 20 ಕೋಟಿ ವರ್ಷಗಳಿಗೂ ಹಿಂದೆ, ಆ ಪ್ರದೇಶ ಬಿಸಿಲಿನ ಮರುಭೂಮಿಯಾಗಿದ್ದಾಗ ಶೇಖರವಾದ ಹೂಳು. ಇಂಥ ಮಣ್ಣು ಫಲವತ್ತಾದದ್ದು, ಆದರೆ ಬಲು ಭಾರ. ಮಳೆ ಬಂದರೆ ನೀರು ಇಂಗದೆ ನಿಲ್ಲುತ್ತದೆ. ಅದನ್ನು ಉಳಲು ಮಧ್ಯಯುಗದಲ್ಲಿ ಎಂಟು ಎತ್ತುಗಳನ್ನು ಸಾಲಾಗಿ ಕಟ್ಟಬೇಕಾಗುತ್ತಿತ್ತು. ಅಷ್ಟು ಉದ್ದದ ಎತ್ತಿನ ಸಾಲನ್ನು ಹೊಲದ ಕೊನೆಯಲ್ಲಿ ತಿರುಗಿಸುವುದೇ ದೊಡ್ಡ ತ್ರಾಸ. ತಿರುಗಿಸುವ ಸರದಿ ಕಡಿಮೆಯಾಗಬೇಕಾದರೆ ಉಳುವ ಸಾಲು ಉದ್ದವಾಗಿರಬೇಕು. ಆದ್ದರಿಂದ ಹೊಲಗಳು ಚೌಕವಾಗದೆ ಉದ್ದನೆಯ ಪಟ್ಟಿಗಳಾದವು.

ಈಗ ನಮ್ಮ ಅಳತೆಗಳಿಗೆ ಬರೋಣ. ಫರ್ಲಾಂಗು ಎಂಬ ಹೆಸರಿನ ಮೂಲಾರ್ಥವೇ "ನೇಗಿಲ ಸಾಲಿನ ಉದ್ದ". ಅದು 220 ಗಜಕ್ಕೆ ನಿಂತಿತು. ಎತ್ತುಗಳು ಒಂದು ದಿನಕ್ಕೆ ಉಳಬಲ್ಲಷ್ಟು ನೆಲ ಎಂಬ ಲೆಕ್ಕದಲ್ಲಿ ಎಕರೆ ಹುಟ್ಟಿತು. ಅದರ ಉದ್ದ ಒಂದು ಫರ್ಲಾಂಗು, ಅಗಲ 22 ಗಜ. ಗುಣಿಸಿ ನೋಡಿ, 4,840 ಚದರ ಗಜ ಬರುತ್ತದೆ. 17ನೆಯ ಶತಮಾನದಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ ಈ 22 ಗಜವನ್ನೇ ಭೂಮಾಪನದ ಸರಪಳಿಯ ಉದ್ದವಾಗಿಸಿದ. ಕ್ರಿಕೆಟ್ ಪಿಚ್ಚಿನ ಉದ್ದವೂ ಒಂದು ಸರಪಳಿಯೇ. ಬ್ರಿಟಿಷರ ಕಾಲದ ಭೂಮಾಪನದೊಂದಿಗೆ ಎಕರೆ ನಮ್ಮ ಹೊಲಗಳಿಗೂ ಬಂತು. ಅದನ್ನು ನಲವತ್ತು ಪಾಲು ಮಾಡಿದಾಗ ಒಂದು ಪಾಲು ನಮ್ಮ ಗುಂಟೆ. ಅದು 11 ಗಜ ಉದ್ದ, 11 ಗಜ ಅಗಲ. ಎಂದರೆ, ಗುಂಟೆಯ ಒಂದು ಬದಿ ಪಿಚ್ಚಿನ ಅರ್ಧ!

ಇನ್ನು ಬೇಸಾಯದ ಕ್ರಮ. ಮೂರು ಬಯಲುಗಳಲ್ಲಿ ಒಂದಕ್ಕೆ ಚಳಿಗಾಲದ ಮುಂಚೆ ಗೋಧಿ ಬಿತ್ತುತ್ತಿದ್ದರು. ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿ, ಬಟಾಣಿ, ಅವರೆಯ ಜಾತಿಯ ಕಾಳುಗಳು. ಮೂರನೆಯದನ್ನು ಬೀಳು ಬಿಟ್ಟು ದನಕುರಿ ಮೇಯಿಸುತ್ತಿದ್ದರು. ಗೊಬ್ಬರ ಬಿದ್ದು ನೆಲ ಚೇತರಿಸಿಕೊಳ್ಳುತ್ತಿತ್ತು. ಮರುವರ್ಷ ಸರದಿ ಬದಲು. ಪ್ರತಿ ರೈತನಿಗೂ ಮೂರೂ ಬಯಲುಗಳಲ್ಲಿ ಚದುರಿದ ಪಟ್ಟಿಗಳಿದ್ದವು. ಒಳ್ಳೆಯ ನೆಲವೂ ಕೆಟ್ಟ ನೆಲವೂ ಎಲ್ಲರಿಗೂ ಅಷ್ಟಷ್ಟು ಬರಲಿ ಎಂಬುದು ಇದರ ಗುಣ. ಉಳಲಾಗದ ಜೌಗು ಮತ್ತು ಇಳಿಜಾರಿನ ಜಾಗಗಳು ಹುಲ್ಲಿಗೆ ಮೀಸಲು.

ಒಂದು ಕಾಲಕ್ಕೆ ಇಂಗ್ಲೆಂಡಿನ ಮಧ್ಯಭಾಗದ ಹಳ್ಳಿಗಳಲ್ಲಿ ಇದೇ ಪದ್ಧತಿ ಇತ್ತು. ಆಮೇಲೆ ಅದು ಎಲ್ಲಿ ಹೋಯಿತು? 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಶಾಸನಗಳನ್ನು ಮಾಡಿ ಸುಮಾರು 68 ಲಕ್ಷ ಎಕರೆ ತೆರೆದ ನೆಲಕ್ಕೆ ಬೇಲಿ ಹಾಕಿಸಿತು. ಪಟ್ಟಿಗಳೆಲ್ಲ ಒಗ್ಗೂಡಿ ಒಬ್ಬೊಬ್ಬರ ಹೊಲಗಳಾದವು. ಹೊಸ ಬೆಳೆ, ಹೊಸ ತಳಿಗಳಿಗೆ ಇದರಿಂದ ಅನುಕೂಲವಾಯಿತು, ನಿಜ. ಆದರೆ ಹುಲ್ಲುಗಾವಲಿನ ಹಕ್ಕನ್ನೇ ನಂಬಿ ಒಂದು ಹಸು ಸಾಕಿದ್ದ ಬಡವ ಆ ಹಕ್ಕನ್ನು ಕಳೆದುಕೊಂಡ. ಲ್ಯಾಕ್ಸ್‌ಟನ್ನಿನಲ್ಲಿ ಮಾತ್ರ ದೊಡ್ಡ ಜಮೀನುದಾರರ ನಡುವೆ ಒಮ್ಮತ ಮೂಡಲಿಲ್ಲ. ಹೊಲಗಳು ಹಾಗೆಯೇ ಉಳಿದವು.

ಈ ಹೊಲಗಳ ಹಳೆಯ ನಕ್ಷೆಯೊಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ 1635ರಲ್ಲಿ ಬರೆದದ್ದು. ಪಟ್ಟಿಗಳ ನಡುವೆ ಉಳುವವರು, ಕೊಯ್ಲು ಮಾಡುವವರು, ಬೇಟೆಯಾಡುವವರು ಪುಟ್ಟ ಪುಟ್ಟ ಚಿತ್ರಗಳಾಗಿ ಅದರಲ್ಲಿದ್ದಾರೆ. ನಕ್ಷೆ ಬರೆಸಿದವನು ಆಗ ಆ ಊರಿನ ಒಡೆಯನಾಗಿದ್ದ ಲಂಡನ್ನಿನ ವ್ಯಾಪಾರಿ ಸರ್ ವಿಲಿಯಂ ಕೋರ್ಟನ್. ಈ ಹೆಸರು ನಮ್ಮ ಕರಾವಳಿಯ ಚರಿತ್ರೆಯಲ್ಲೂ ಇದೆ. ಅದೇ 1635ರಲ್ಲಿ ಆತ ಚಾರ್ಲ್ಸ್ ದೊರೆಯಿಂದ ಪೂರ್ವದೇಶಗಳ ವ್ಯಾಪಾರಕ್ಕೆ ಅನುಮತಿ ಪಡೆದ. 1636ರಲ್ಲಿ ಹಡಗುಗಳು ಹೊರಟ ಸ್ವಲ್ಪ ಕಾಲದಲ್ಲೇ ತೀರಿಕೊಂಡ. ಹಡಗುಗಳು ಮಾತ್ರ 1637ರಲ್ಲಿ ಮೆಣಸು ಹುಡುಕಿಕೊಂಡು ಭಟ್ಕಳಕ್ಕೆ ಬಂದವು. ಅವುಗಳಲ್ಲಿದ್ದ ಪೀಟರ್ ಮಂಡಿ ಘಟ್ಟ ಹತ್ತಿ ವೀರಭದ್ರ ನಾಯಕನ ಇಕ್ಕೇರಿಯನ್ನು ಕಂಡು ಬರೆದಿಟ್ಟಿದ್ದಾನೆ. 1638ರಲ್ಲಿ ಕೋರ್ಟನ್ನನ ಸಂಘ ಕಾರವಾರದಲ್ಲಿ ಕೋಠಿ ತೆರೆಯಿತು. ಲ್ಯಾಕ್ಸ್‌ಟನ್ನಿನ ಗೇಣಿಗೂ ಕಾರವಾರದ ಕೋಠಿಗೂ ಒಡೆತನ ಒಂದೇ ಮನೆತನದ್ದು!

ಒಡೆಯರು ಆಮೇಲೂ ಬದಲಾದರು. 1952ರಲ್ಲಿ ಮ್ಯಾನ್‌ವರ್ಸ್ ಎಂಬ ಜಮೀನುದಾರ ಮನೆತನ, ಹೊಲಗಳು ಚೂರುಚೂರಾಗದಿರಲೆಂದು, ಊರನ್ನು ಸರ್ಕಾರದ ಕೃಷಿ ಮಂತ್ರಾಲಯಕ್ಕೆ ಮಾರಿತು. 1981ರಲ್ಲಿ ಅದು ರಾಜಸಂಪತ್ತನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಮ್ಯಾನ್‌ವರ್ಸ್ ಮನೆತನದ ಹಿಂದಿನ ನೆಲೆಯಾದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು.

ಹಾಗಾದರೆ ಹೊಲವನ್ನು ನಿಜವಾಗಿ ಕಾಯುತ್ತಿರುವವರು ಯಾರು? ಊರಿನವರೇ. ಬೇಲಿಯಿಲ್ಲದ ಕಡೆ ಒತ್ತುವರಿ ಬಲು ಸುಲಭ. ಅದು ಒಂದೇ ದಿನ ಆಗುವುದಿಲ್ಲ, ವರ್ಷಕ್ಕೊಂದು ಸಾಲಿನಂತೆ ನೇಗಿಲು ಮೆಲ್ಲನೆ ದಾರಿಯೊಳಕ್ಕೆ, ಹುಲ್ಲುಗಾವಲಿನೊಳಕ್ಕೆ ಸರಿಯುತ್ತದೆ. ಆದ್ದರಿಂದ ಪ್ರತಿ ವರ್ಷ ನವೆಂಬರ್ ಕೊನೆಯ ಹೊತ್ತಿಗೆ ಊರಿನ ಪಂಚರು ಗೋಧಿ ಬಿತ್ತಿದ ಬಯಲಿಗೆ ಒಟ್ಟಾಗಿ ಹೋಗುತ್ತಾರೆ. ಎಲ್ಲೆ ಎಲ್ಲಿದೆಯೋ ನೋಡಿ ಮರದ ಗೂಟ ಹೊಡೆಯುತ್ತಾರೆ. ಮೀರಿ ಉತ್ತವರ ಹೆಸರು ಬರೆದುಕೊಳ್ಳುತ್ತಾರೆ. ಮುಂದಿನ ವಾರ ಊರಿನ ಪಬ್ಬಿನಲ್ಲೇ ನ್ಯಾಯಸಭೆ ಸೇರುತ್ತದೆ, ತಪ್ಪಿಗೆ ದಂಡ ಬೀಳುತ್ತದೆ. ಮರುವರ್ಷದ ಪಂಚರು ಪ್ರಮಾಣ ಸ್ವೀಕರಿಸುತ್ತಾರೆ. 1977ರ ಕಾನೂನು ಇಂಥ ಹಳೆಯ ಊರ ನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನ ಸಭೆಯನ್ನು ಉಳಿಸಿತು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ರೈತರು ಗೇಣಿದಾರರು. ಚದುರಿದ ಪಟ್ಟಿಗಳಲ್ಲಿ ಕೆಲಸ ಮಾಡುವುದು ದೊಡ್ಡ ಟ್ರ್ಯಾಕ್ಟರಿಗೂ ಕಷ್ಟ, ಸಣ್ಣ ಬೇಸಾಯಗಾರನಿಗೂ ಕಷ್ಟ. ಆದರೂ ಒಂದು ಮಾತು ಮನಸ್ಸಿನಲ್ಲಿಡಿ. ಈ ಊರಿನ ಎಲ್ಲೆಯನ್ನು ಕಾಪಾಡಿದ್ದು ನಕ್ಷೆ ಮಾತ್ರವಲ್ಲ. ನಕ್ಷೆ ಆಕ್ಸ್‌ಫರ್ಡಿನಲ್ಲಿ ಭದ್ರವಾಗಿದೆ. ಎಲ್ಲೆ ಉಳಿದಿರುವುದು ವರ್ಷಕ್ಕೊಮ್ಮೆ ನೆರೆಯವರು ಕೆಸರು ತುಳಿದು ಅದನ್ನು ನೋಡಿ ಬರುವುದರಿಂದ. ಒಂದು ವರ್ಷ ಹೋಗದಿದ್ದರೆ ಏನೂ ಆಗುವುದಿಲ್ಲ. ಹತ್ತು ವರ್ಷ ಹೋಗದಿದ್ದರೆ ಹುಲ್ಲುಗಾವಲೇ ಇರುವುದಿಲ್ಲ.

ಮುಂದಿನ ರಜೆಯಲ್ಲಿ ನೀವೂ ಒಂದು ಕೆಲಸ ಮಾಡಿ. ನಿಮ್ಮ ಊರಿನ ಕೆರೆಯಂಗಳದ, ಗೋಮಾಳದ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಅವರ ಜೊತೆಯಲ್ಲೇ ಹೋಗಿ ಬಾಂದುಕಲ್ಲು ಇದೆಯೇ ನೋಡಿ ಬನ್ನಿ.